ಹಗುರ ನಳಿಗೆ ಆರಿಸಿದ ಉಸ್ತಾದರು

ಚಹಾದ ಲೋಟ ಹಿಡಿದಾಗ ಅವರ ಬಲಗೈಯ ತೋರುಬೆರಳು ಮಾತ್ರ ಲೋಟಕ್ಕೆ ತಾಗದೆ ನೆಟ್ಟಗೆ ಹೊರಗೆ ಚಾಚಿಕೊಂಡಿರುತ್ತಿತ್ತು. ಆ ಬೆರಳಿಗೆ ಬಿಸಿ ತಾಗಬಾರದು, ಎಣ್ಣೆ ಹತ್ತಬಾರದು, ಸೈಕಲ್ಲಿನ ಬೆಲ್ಲನ್ನೂ ಅದರಿಂದ ಒತ್ತಬಾರದು. ಇದೇನು ಇಷ್ಟು ಮಡಿ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. "ಇದು ನನ್ನದಲ್ಲಮ್ಮ, ಟ್ರಿಗರ್‌ದು. ನಾನು ಬರೀ ನೋಡ್ಕೊತಾ ಇದೀನಿ," ಅಂದರು.

ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಸೈನ್ಯದಿಂದ ನಿವೃತ್ತರಾಗಿ ಆರ್.ಟಿ. ನಗರದ ಹಿಂದಿನ ಬೀದಿಯೊಂದರಲ್ಲಿ ಮನೆ ಮಾಡಿಕೊಂಡಿದ್ದರು. ಯಲಹಂಕದ ಆಚೆ ನೀಲಗಿರಿ ತೋಪಿನ ಹಿಂದಿದ್ದ ನಮ್ಮ ಶೂಟಿಂಗ್ ಕ್ಲಬ್ಬಿಗೆ ಸೈಕಲ್ ತುಳಿದುಕೊಂಡು ಬಂದು ಗುರಿ ಕಲಿಸುತ್ತಿದ್ದರು. ನಾನು ಯಶವಂತಪುರದ ಕಾರ್ಖಾನೆಯಲ್ಲಿ ದಿನವಿಡೀ ನಿಂತು ತಂತಿ ಸುತ್ತುವವಳು. ಎನ್‌ಸಿಸಿಯಲ್ಲಿ ಹತ್ತಿದ ಗುಂಡು ಹಾರಿಸುವ ಹುಚ್ಚು ಬಿಟ್ಟಿರಲಿಲ್ಲ. ಹಟಮಾರಿ, ಬಾಯಿಬಡಕಿ, ಎರಡೂ ಆಗಿದ್ದೆ. ಅಂಥವಳನ್ನು ಒಂದು ಗದರಿಕೆಯೂ ಇಲ್ಲದೆ ಸಹಿಸಿಕೊಂಡವರು ಅವರೊಬ್ಬರೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಒಂದು ಒಳ್ಳೆಯ ಪಿಸ್ತೂಲು. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದ್ದು. ಅದರ ನಳಿಗೆ ಸವೆದು ಗುಂಡುಗಳು ಅಡ್ಡಾದಿಡ್ಡಿ ಬೀಳತೊಡಗಿದ್ದವು. ವಿದೇಶದಿಂದ ಹೊಸದನ್ನು ತರಿಸಲು ಸರ್ಕಾರದ ಅನುಮತಿಗೆ ಅಲೆದೂ ಅಲೆದೂ ಕೊನೆಗೆ ಸಿಕ್ಕಿದ್ದು ಒಂದೇ ನಳಿಗೆಗೆ. ಅದೇ ಪಿಸ್ತೂಲಿಗೆ ಎರಡು ಬಗೆಯ ನಳಿಗೆಗಳು ಹೊಂದುತ್ತಿದ್ದವು. ಒಂದು ಉದ್ದ, ದಪ್ಪ, ಭಾರ. ಹಿಡಿದ ಕಡೆ ಅಲುಗದೆ ನಿಲ್ಲುತ್ತದೆ. ಇನ್ನೊಂದು ಗಿಡ್ಡ, ಹಗುರ. ಬೇಗ ಮೇಲೇಳುತ್ತದೆ, ಆದರೆ ತುದಿ ಕುಣಿಯುತ್ತದೆ. ಒಮ್ಮೆ ತರಿಸಿದ ಮೇಲೆ ಬೇಡ ಎನ್ನುವ ಹಾಗಿರಲಿಲ್ಲ.

ಆ ವರ್ಷ ಕ್ಲಬ್ಬಿನಿಂದ ರಾಜ್ಯ ತಂಡದ ಆಯ್ಕೆಗೆ ಅದೇ ಪಿಸ್ತೂಲು ಹಿಡಿದು ನಿಲ್ಲಬೇಕಾದವಳು ನಾನೊಬ್ಬಳೇ. ಮನೆಯಲ್ಲಿ ಅಪ್ಪ ಹೇಳಿಬಿಟ್ಟಿದ್ದರು: "ಈ ಸಲ ಟೀಮಿಗೆ ಸೇರಿದ್ರೆ ಸರಿ. ಇಲ್ದಿದ್ರೆ ದಾವಣಗೆರೆಯವ್ರಿಗೆ ಬನ್ನಿ ಅಂತ ಹೇಳ್ತೀನಿ." ದಾವಣಗೆರೆಯವರು ಕೆಟ್ಟವರೇನಲ್ಲ. ಆದರೆ ಪಿಸ್ತೂಲು ಹಿಡಿಯುವ ಸೊಸೆ ಅವರಿಗೆ ಬೇಡವಾಗಿತ್ತು.

ಕ್ಲಬ್ಬಿನ ಕಾರ್ಯದರ್ಶಿಗೆ ದಪ್ಪ ನಳಿಗೆಯೇ ಬೇಕಿತ್ತು. ದೊಡ್ಡ ಕ್ಲಬ್ಬುಗಳವರೆಲ್ಲ ಅದನ್ನೇ ಹಾಕಿಸಿಕೊಂಡಿದ್ದರು. ಉಸ್ತಾದರು ಹೆಬ್ಬಾಳದ ಕೆರೆಗೆ ಹೋಗಿ, ಮೀನು ಹಿಡಿಯುವವರು ಬಲೆಗೆ ಕಟ್ಟುವ ಸೀಸದ ಮಣಿಗಳನ್ನು ಕೇಳಿ ತಂದರು. ಅವನ್ನು ಹಳೆಯ ನಳಿಗೆಯ ಕೆಳಗೆ ಟೇಪಿನಿಂದ ಬಿಗಿದು ದಪ್ಪ ನಳಿಗೆಯ ತೂಕ ಬರುವಂತೆ ಮಾಡಿದರು. ಭಾನುವಾರ ಬೆಳಿಗ್ಗೆ ಖಾಲಿ ಪಿಸ್ತೂಲನ್ನು ಗೋಡೆಯ ಕಡೆ ಹಿಡಿದು ನಿಂತೆ. ಕಲ್ಲಿನಲ್ಲಿ ಕಡೆದಿಟ್ಟ ಹಾಗೆ ಕೈ ನಿಂತಿತು. "ಇದೇ ಇರ್ಲಿ ಉಸ್ತಾದ್!" ಎಂದು ಕುಣಿದೆ. ಕಾರ್ಯದರ್ಶಿಯ ಮುಖವೂ ಅರಳಿತು.

"ಭಾನುವಾರ ಬೆಳಿಗ್ಗೆ ಎಲ್ರ ಕೈನೂ ಚೆನ್ನಾಗೇ ಇರುತ್ತೆ. ನಾಳೆ ಶಿಫ್ಟ್ ಮುಗಿಸ್ಕೊಂಡು ಬಾ," ಅಂದರು ಉಸ್ತಾದರು.

ಮರುದಿನ ಕಾರ್ಖಾನೆಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದವಳಿಗೆ ನೀರು ಕುಡಿಯಲೂ ಬಿಡದೆ ನಿಲ್ಲಿಸಿದರು. ಸ್ಪರ್ಧೆಯ ಮೊದಲರ್ಧದಲ್ಲಿ ನಿಧಾನವಾಗಿ ಗುರಿಯಿಡಬಹುದು. ಎರಡನೆಯ ಅರ್ಧದಲ್ಲಿ ಗುರಿಹಲಗೆ ಕ್ಷಣಕಾಲ ಮುಖ ತೋರಿಸಿ ತಿರುಗಿಕೊಳ್ಳುತ್ತದೆ. ಅಷ್ಟರಲ್ಲಿ ಕೈಯೆತ್ತಿ ಒಂದು ಗುಂಡು, ಮತ್ತೆ ಕೈ ಕೆಳಗೆ. ಅದನ್ನೇ ಮಾಡಿಸಿದರು. ಅವರದೊಂದು ವಿಚಿತ್ರ ಪದ್ಧತಿ: ಗುರಿಹಲಗೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕೆ ಬೆನ್ನು ಹಾಕಿ, ನನ್ನ ಮೊಣಕೈಯ ಕೆಳಗೆ ಒಂದು ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದರು. ಗುಂಡು ಹಾರುವ ಮೊದಲೇ ಕೈ ಸೋತು ಇಳಿದರೆ ತೋಳಿಗೆ ಬಿಳಿ ಗೆರೆ. ಸೀಸದ ಮಣಿ ಕಟ್ಟಿದ ಪಿಸ್ತೂಲು ಕೆಳಗಿಡುವ ಹೊತ್ತಿಗೆ ನನ್ನ ನೀಲಿ ಅಂಗಿಯ ತೋಳು ಸುಣ್ಣ ಬಳಿದಂತಾಗಿತ್ತು. ಮಣಿ ಬಿಚ್ಚಿ ಹಗುರ ಮಾಡಿ, ತೋಳಿನ ಸುಣ್ಣ ಕೊಡವಿ ಮತ್ತೆ ಮಾಡಿಸಿದರು. ಅಲ್ಲೊಂದು ಇಲ್ಲೊಂದು ಗೆರೆ, ಅಷ್ಟೇ.

ನನಗೆ ಸಿಟ್ಟು ನೆತ್ತಿಗೇರಿತು. "ಸೆಲೆಕ್ಷನ್ ದಿನ ನಾನೇನು ಶಿಫ್ಟ್ ಮಾಡ್ಕೊಂಡ್ ಬರ್ತೀನಾ?"

"ಆ ದಿನ ಹೆದರಿಕೆನೇ ಬೆಳಿಗ್ಗೆಯಿಂದ ಎರಡು ಶಿಫ್ಟ್ ಮಾಡ್ಸಿರುತ್ತೆ ಬೇಟಾ. ಹಗುರದ್ದೇ ತರ್ಸೋಣ."

ಕಾರ್ಯದರ್ಶಿ ಕೆಂಡವಾದರು. "ಹುಡ್ಗಿ ಸೋತ್ರೆ ನೀವು ಇನ್ನು ಈ ಕಡೆ ಬರೋದು ಬೇಡ, ಉಸ್ತಾದ್."

"ಬರಲ್ಲ ಸಾಹೇಬ್ರೇ," ಅಂದರು ಅವರು, ಹಾಗೇ ತಣ್ಣಗೆ. ಅಲ್ಲಿಗೆ ನನ್ನ ಹೆದರಿಕೆ ಇಮ್ಮಡಿಯಾಯಿತು. ಕ್ಲಬ್ಬನ್ನು ಬಿಟ್ಟರೆ ಅವರಿಗೆ ಬೇರೆ ಲೋಕವೇ ಇರಲಿಲ್ಲ.

ಆಯ್ಕೆಯ ದಿನ ಎಲ್ಲವೂ ಕೈಕೊಟ್ಟಂತೆ ಕಂಡಿತು. ಹೊಸ ನಳಿಗೆಯ ತುದಿ ಮೊದಲರ್ಧವಿಡೀ ಕುಣಿಯಿತು. ಬೇಕಾದವರು ಮೂವರು, ನಾನು ಐದನೆಯವಳು. ಹಗ್ಗದಾಚೆ ನಿಂತಿದ್ದ ಕಾರ್ಯದರ್ಶಿ, "ನಾನ್ ಹೇಳ್ಲಿಲ್ವಾ?" ಅಂದದ್ದು ನನಗೂ ಕೇಳಿಸಿತು. ತಿರುಗಿ ನೋಡಿದೆ. ಉಸ್ತಾದರು ಹಗ್ಗ ದಾಟಿ ಬಂದು ಎಂದಿನಂತೆ ಗುರಿಹಲಗೆಗೆ ಬೆನ್ನು ಹಾಕಿ ನಿಲ್ಲುವಂತಿಲ್ಲದೆ, ಆಕಾಶ ನೋಡುತ್ತ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ ಇತ್ತು. ನನ್ನನ್ನು ಕಂಡು ಅದನ್ನು ಸ್ವಲ್ಪ ಮೇಲೆತ್ತಿದರು, ನನ್ನ ಮೊಣಕೈಯ ಎತ್ತರಕ್ಕೆ.

ಎರಡನೆಯರ್ಧ ಶುರುವಾಯಿತು. ಹಲಗೆ ತಿರುಗಿತು, ಕೈ ಎದ್ದಿತು. ಮತ್ತೆ ತಿರುಗಿತು, ಮತ್ತೆ ಎದ್ದಿತು. ಪಕ್ಕದ ಸಾಲಿನಲ್ಲಿ ದಪ್ಪ ನಳಿಗೆಯ ಪಿಸ್ತೂಲು ಹಿಡಿದಾಕೆ ಉಸಿರು ಎಳೆಯುವುದು ಕೇಳುತ್ತಿತ್ತು; ಅವಳ ಗುಂಡುಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. ನನ್ನ ತೋಳೂ ಉರಿಯುತ್ತಿತ್ತು, ಆದರೆ ಇಲ್ಲದ ಸೀಮೆಸುಣ್ಣಕ್ಕೆ ತಾಗಬಾರದೆಂಬ ಒಂದೇ ಹಟ. ಕೊನೆಯ ಗುಂಡು ಹಾರಿಸಿ ಪಿಸ್ತೂಲು ಕೆಳಗಿಟ್ಟೆ. ಮೂರನೆಯವಳಾಗಿ ತಂಡಕ್ಕೆ ಸೇರಿದೆ. ಹಗ್ಗ ದಾಟಿ ಓಡಿ ಹೋಗಿ ಹೇಳಿದರೆ ಉಸ್ತಾದರು ನನ್ನ ತೋಳನ್ನು ತಿರುಗಿಸಿ ನೋಡಿ, "ಅಂಗಿ ಕ್ಲೀನಾಗಿದೆ," ಅಂದರು. ನಾನು ಅಲ್ಲೇ ಗಳಗಳ ಅತ್ತೆ.

ದಾವಣಗೆರೆಯವರು ಬರಲಿಲ್ಲ. ತಾನಾಗಿ ಸಾಕೆನ್ನಿಸುವವರೆಗೂ ನಾನು ಪಿಸ್ತೂಲು ಹಿಡಿದೆ.

ಉಸ್ತಾದರು ಹಾಸಿಗೆ ಹಿಡಿದಾಗ ಆರ್.ಟಿ. ನಗರದ ಮನೆಗೆ ಹೋಗಿದ್ದೆ. ಮೈ ಇಳಿದುಹೋಗಿತ್ತು. ಅವರ ಹೆಂಡತಿ ಚಹಾ ತಂದುಕೊಟ್ಟರು. ನಾನು ಲೋಟವನ್ನು ಉಸ್ತಾದರ ಕೈಗೆ ಕೊಟ್ಟೆ. ಬಿಸಿ ಲೋಟದ ಸುತ್ತ ಅವರ ಐದೂ ಬೆರಳು ಮಡಿಚಿಕೊಂಡವು, ತೋರುಬೆರಳೂ. ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ತಿಳಿಯಿತು.

"ಅದಕ್ಕಿನ್ನು ಡ್ಯೂಟಿ ಇಲ್ಲಮ್ಮ. ಚಳಿ ಕಾಯಿಸ್ಕೊಳ್ಲಿ ಬಿಡು," ಅಂದು ನಕ್ಕರು.

ಮುಂದಿನ ವಾರ ಅವರು ತೀರಿಕೊಂಡರು. ಈಗ ಅದೇ ತೋಪಿನ ಹಿಂದೆ ನಾನು ಹುಡುಗಿಯರಿಗೆ ಕಲಿಸುತ್ತೇನೆ. ಯಾವ ನಳಿಗೆ ಹಾಕಿಸಲಿ ಎಂದು ಕೇಳಿಕೊಂಡು ಬಂದವರಿಗೆ, ಕೆಲಸ ಮುಗಿಸಿ ಸುಸ್ತಾಗಿ ಬನ್ನಿ ಎನ್ನುತ್ತೇನೆ. ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಕಾಯುತ್ತೇನೆ.