ಕೂಸು ಒಂದು, ನಿಪ್ಪಲ್ಲು ಆರು

ಹೋದ ವಾರ ಮೊಮ್ಮಗನ ಹಾಲಿನ ಬಾಟಲಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಾಟಲಿ ಒರೆಸಿಟ್ಟೆ, ಮುಚ್ಚಳ ಒರೆಸಿಟ್ಟೆ. ನಿಪ್ಪಲ್ಲು ಕೈಗೆ ಬಂದಾಗ ಏನಾಯಿತೋ, ಅದನ್ನು ನನ್ನ ಹೆಬ್ಬೆರಳಿಗೆ ಟೊಪ್ಪಿಗೆಯ ಹಾಗೆ ತೊಡಿಸಿ ಬೆಳಕಿಗೆ ಹಿಡಿದು ನೋಡುತ್ತ ನಿಂತುಬಿಟ್ಟೆ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದವಳು ನನ್ನನ್ನೇ ನೋಡಿ ಹಿಂದಕ್ಕೆ ಹೋದಳು. ಅತ್ತೆಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಈಗಿನ ನಿಪ್ಪಲ್ಲುಗಳು ಅಗಲ, ಮೆತ್ತಗೆ, ಬೆರಳಿಗೆ ನಿಲ್ಲುವುದೇ ಇಲ್ಲ. ಆಗಿನವು ಹಳದಿ ರಬ್ಬರಿನವು, ಬಿಗಿ, ಹೆಬ್ಬೆರಳಿಗೆ ಅಳತೆ ತೆಗೆದು ಮಾಡಿದಂತೆ ಕೂರುತ್ತಿದ್ದವು. ನನಗೆ ಇದು ಗೊತ್ತಿರುವುದು ಬ್ಯಾಡಗಿಯಲ್ಲಿ ನಮ್ಮ ಬಾಜೂಮನೆಯಲ್ಲಿದ್ದ ತಂಗಿಯಿಂದ...

ಒಡಹುಟ್ಟಿದ ತಂಗಿಯಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಡಗಿಯ ಒಂದು ಶಾಲೆಗೆ ಶಿಕ್ಷಕಿಯಾಗಿ ಹೋದಾಗ ಒಂದೇ ಗೋಡೆಯ ಆಚೆ ಇದ್ದವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಅದಕ್ಕೆ ತಂಗಿ. ಅವಳು ನನ್ನನ್ನು ಕರೆಯುತ್ತಿದ್ದುದು ಅಕ್ಕೋರೆ ಎಂದು. ಶಾಲೆ ಕಲಿಸುವ ಹೆಂಗಸರೆಲ್ಲ ಆ ಕಡೆ ಅಕ್ಕೋರೇ. ಅವಳು, ಅವಳ ಗಂಡ, ಅತ್ತೆ, ಮೂರು ಜನರ ಮನೆ. ಗಂಡ ಲಾರಿಗೆ ಚೀಲ ಹೇರುವವನು. ಅತ್ತೆ, ಸೊಸೆ ಇಬ್ಬರೂ ಮೆಣಸಿನಕಾಯಿ ಗೋದಾಮಿನಲ್ಲಿ ತುಂಬು ಬಿಡಿಸುವವರು. ಮೆಣಸಿನಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಂಪು ರಾಶಿಯ ಮುಂದೆ ಕೂತು, ಒಂದೊಂದೇ ಕಾಯಿ ಎತ್ತಿ, ಹೆಬ್ಬೆರಳ ಉಗುರಿನಿಂದ ತುಂಬು ಮುರಿದು ಎಸೆಯುವ ಕೆಲಸ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಿನ ಹೆಂಗಸರು ಹೇಳುತ್ತಾರೆ. ಸಾರಿಗೆ ಹಾಕುವವರಿಗೆ ಅದು ನಿಜ. ಆ ಮಾತು ಹೇಳುವವರು ಒಂದು ದಿನ, ಒಂದೇ ದಿನ, ಆ ರಾಶಿಯ ಮುಂದೆ ಕೂತು ಬರಬೇಕು. ನಾನೂ ಒಂದು ಭಾನುವಾರ ಹುಮ್ಮಸ್ಸಿನಿಂದ ಹೋಗಿ ಕೂತಿದ್ದೆ. ಆಮೇಲೆ ಎರಡು ದಿನ ಸೀಮೆಸುಣ್ಣ ಹಿಡಿದರೂ ಬೆರಳು ಚುರುಗುಟ್ಟುತ್ತಿತ್ತು.

ಶುಕ್ರವಾರದ ಕೊನೆಯ ಅವಧಿ ನನಗೆ ಬಹಳ ಪ್ರಿಯ. ‘ಇದನ್ನು ಮಾಡಿದವರು ಯಾರು?’ ಎಂದು ನಾನೇ ಅದಕ್ಕೊಂದು ಹೆಸರಿಟ್ಟಿದ್ದೆ. ವಿಮಾನ, ರೇಡಿಯೋ ಎಂದು ದೊಡ್ಡವನ್ನು ನಾನು ಮುಟ್ಟುತ್ತಿರಲಿಲ್ಲ. ಗುಂಡಿ, ಕತ್ತರಿ, ಬೆಂಕಿಕಡ್ಡಿ, ಛತ್ರಿ... ಮಕ್ಕಳ ಕೈಗೆ ಸಿಗುವಂಥವೇ ಆಗಬೇಕು. ಹಾವೇರಿಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ನನ್ನ ಯಜಮಾನರು ಅಲ್ಲಿಯ ಗ್ರಂಥಾಲಯದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಮತ್ತೆ ಮತ್ತೆ ತರುತ್ತಿದ್ದರು. ಗುರುವಾರ ಸಂಜೆ ನಾನು ಕಟ್ಟೆಯ ಮೇಲೆ ಕೂತು ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ತಂಗಿ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಮತ್ತು ಎಲ್ಲದಕ್ಕೂ ಒಂದು ಕೊಕ್ಕೆ ಹಾಕುತ್ತಿದ್ದಳು.

ಜರ್ಮನಿಯ ಒಬ್ಬ ಗೃಹಿಣಿ ಮಗನ ಶಾಯಿಹೀರುವ ಕಾಗದ ಹರಿದು ಕಾಫಿ ಸೋಸಿದ್ದರಿಂದಲೇ ಕಾಫಿ ಸೋಸುವ ಕಾಗದ ಹುಟ್ಟಿತು ಎಂದರೆ, ಮಗ ಅಳಲಿಲ್ಲವೇ ಎನ್ನುತ್ತಿದ್ದಳು. ಅಮೆರಿಕದಲ್ಲೊಬ್ಬ ಹೊಸದಾಗಿ ಮದುವೆಯಾದವನ ಹೆಂಡತಿ ಅಡುಗೆ ಮಾಡುವಾಗ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದಳಂತೆ, ಅವಳಿಗಾಗಿ ಅವನು ಗಾಯಕ್ಕೆ ಅಂಟಿಸುವ ಪಟ್ಟಿ ಮಾಡಿದನಂತೆ ಎಂದು ಹೇಳಿದ ಸಂಜೆ ಅವಳು ಮೊರ ಕೆಳಗಿಟ್ಟು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

“ನಮ್ಮಾಂವ ಆಗಿದ್ರ ಪಟ್ಟಿ ಮಾಡ್ತಿದ್ದಿಲ್ರಿ ಅಕ್ಕೋರ. ಪಲ್ಯಾ ಯಾಕ ತಡಾ ಆತು ಅಂತಿದ್ದ.”

ಮತ್ತೊಂದು ಸಂಜೆ, ಇವರಿಗೆಲ್ಲ ಇದು ಹೊಳೆಯುವುದು ಹೇಗೆ ಎಂದು ಕೇಳಿದಳು. ಯಾರಿಗೋ ಏನೋ ತ್ರಾಸು ಆಗುತ್ತಿರುತ್ತದೆ, ಅದನ್ನು ಸಹಿಸಲಾರದೆ ಹುಡುಕುತ್ತಾರೆ ಎಂದು ನಾನು ಪುಸ್ತಕದ ಧಾಟಿಯಲ್ಲೇ ಹೇಳಿದೆ. ಹಾಗಿದ್ದರೆ ನಮ್ಮ ಗೋದಾಮಿನಿಂದ ಇಷ್ಟೊತ್ತಿಗೆ ನಾಲ್ಕಾರು ಜನ ನಿಮ್ಮ ಪುಸ್ತಕಕ್ಕೆ ಹೋಗಬೇಕಿತ್ತಲ್ಲ ಎಂದು ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು.

ಮದುವೆಯಾಗಿ ಆರು ವರ್ಷಕ್ಕೆ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಓಣಿಗೆಲ್ಲ ಪೇಢೆ ಹಂಚಿದರು. ಐದು ತಿಂಗಳು ಅವಳು ಮನೆಯಲ್ಲೇ ಇದ್ದಳು, ನಮ್ಮ ಕಟ್ಟೆ ಆಗ ಜಾತ್ರೆಯಂತಿತ್ತು. ಮೆಣಸಿನಕಾಯಿ ಸೀಜನ್ ಶುರುವಾದ ಕೂಡಲೇ, ಆ ವರ್ಷ ಕೆಲಸ ಬಿಟ್ಟು ಮನೆಯಲ್ಲಿ ಉಳಿದ ಅತ್ತೆಯ ಕೈಗೆ ಕೂಸನ್ನು ಕೊಟ್ಟು ಗೋದಾಮಿಗೆ ಹೊರಟಳು. ಮೊದಲ ದಿನ ಸಂಜೆ ಬಂದು ಕೈ ತೊಳೆದು ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡ ಮರುಕ್ಷಣ ಕೂಸು ಚೀರಿದ್ದು ಗೋಡೆಯಾಚೆ ಇದ್ದ ನನಗೂ ಕೇಳಿತು. ಎಷ್ಟು ತೊಳೆದರೂ ಖಾರ ಬೆರಳಿನ ಸಂದಿಯಲ್ಲಿ ಕೂತಿರುತ್ತದೆ. ಅದು ಕೂಸಿನ ಕೆನ್ನೆಗೆ, ತುಟಿಗೆ, ಕಣ್ಣಿಗೆ...

ಒಂದು ವಾರ ಕಳೆಯುವಷ್ಟರಲ್ಲಿ ಕೂಸು ಜಾಣವಾಯಿತು. ತಾಯಿ ಕೈ ಚಾಚಿದರೆ ಮುಖ ತಿರುಗಿಸಿ ಅಜ್ಜಿಯ ಸೆರಗು ಹಿಡಿಯತೊಡಗಿತು. ನನ್ನ ಹತ್ತಿರ ಬರುತ್ತಿತ್ತು, ದಾರಿಯಲ್ಲಿ ಹೋಗುವವರ ಹತ್ತಿರವೂ ಹೋಗುತ್ತಿತ್ತು, ಅವಳ ಹತ್ತಿರ ಮಾತ್ರ ಇಲ್ಲ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಿದ್ದ ಹುಡುಗಿ ಆ ದಿನಗಳಲ್ಲಿ ಮಾತೇ ಆಡುತ್ತಿರಲಿಲ್ಲ.

ಅತ್ತೆ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ದಾರಿಯನ್ನು ಅವಳು ಹೇಳಿದಳು. ಗೋದಾಮಿನ ಹೆಂಗಸರ ಎಳೆ ಕೂಸುಗಳು ಸೀಜನ್ ಮುಗಿಯುವವರೆಗೆ ಬಳಗದವರ ಮನೆಯಲ್ಲಿ ಬೆಳೆಯುವುದು ಅಲ್ಲಿ ಮೊದಲಿನಿಂದ ನಡೆದು ಬಂದದ್ದು. ಮೂರ್ನಾಲ್ಕು ತಿಂಗಳ ಮೇಲೆ ವಾಪಸ್ ತರುತ್ತಿದ್ದರು, ಕೂಸು ತಾಯಿಯನ್ನು ಗುರುತು ಹಿಡಿಯಲು ಮತ್ತೆ ಒಂದಿಷ್ಟು ದಿನ ಬೇಕಾಗುತ್ತಿತ್ತು. ರಾಣೆಬೆನ್ನೂರಿನಲ್ಲಿ ತಂಗಿಯ ನಾದಿನಿ ಇದ್ದಳು. ಮುಂದಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದಳು. ಬಾಟಲಿ ಹಾಲು ರೂಢಿಯಾಗಲಿ ಎಂದು ಅತ್ತೆ ಮೆಡಿಕಲ್ ಅಂಗಡಿಯಿಂದ ಒಂದು ಗಾಜಿನ ಬಾಟಲಿ ತಂದಳು.

“ನಾನೂ ಮೂರು ಮಕ್ಕಳನ್ನ ಹಿಂಗ ಬಿಟ್ಟು ಬೆಳಿಸೇನಿ,” ಎಂದಳು ಅತ್ತೆ ನನ್ನೆದುರು. “ಒಂದಕ್ಕೂ ನನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಒಂದೂ ನನ್ನ ತೊಡಿ ಮ್ಯಾಲ ಮಲಗಲಿಲ್ಲ ನೋಡ್ರಿ.”

ಇನ್ನು ಎಂಟು ದಿನ ಉಳಿದಿತ್ತು. ತಂಗಿ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದಳು, ಔಡಲೆಣ್ಣೆ ಹಚ್ಚಿ ನೋಡಿದಳು. ಮಜ್ಜಿಗೆಯಲ್ಲಿ ಕೈ ಇಳಿಬಿಟ್ಟು ಕೂತಳು, ಹುಣಸೆಹಣ್ಣು ತಿಕ್ಕಿದಳು. ಬೆರಳಿಗೆ ಅರಿವೆ ಸುತ್ತಿಕೊಂಡರೆ ಅದು ಖಾರದ ಪುಡಿಯನ್ನು ಹೀರಿ ಮತ್ತಷ್ಟು ಉರಿಸುತ್ತಿತ್ತು. ಆಗ ನನ್ನ ಬುದ್ಧಿ ಮುಂದೆ ಬಂತು. ಇಷ್ಟು ಪುಸ್ತಕ ಓದಿದವಳು ಸುಮ್ಮನಿರುವುದು ಹೇಗೆ? ಪರಿಚಯದ ಕಂಪೌಂಡರ್ ಒಬ್ಬರಿಂದ ಆಪರೇಷನ್ನಿನ ರಬ್ಬರ್ ಕೈಗವಸು ತಂದು, ಇದೇ ನೋಡು ಉಪಾಯ ಎಂದು ಜಂಬದಿಂದ ಕೊಟ್ಟೆ. ಗಂಟೆಯೊಳಗೆ ತುಂಬು ಚುಚ್ಚಿ ಅದು ಹರಿಯಿತು. ಒಳಗೆ ಬೆವರು, ಬೆವರಿಗೆ ಖಾರ ಕೂಡಿ, ಸಂಜೆ ಅವಳ ಅಂಗೈ ಕೆಂಪಾಗಿ ಬಾತುಕೊಂಡಿತ್ತು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಅವಳು ಮಾತ್ರ ಎಷ್ಟೋ ದಿನಗಳ ಮೇಲೆ ನಕ್ಕಳು. ಡಾಕ್ಟರ್ ಮಂದಿ ಮೆಣಸಿನಕಾಯಿ ಬಿಡಿಸಿದ್ದರೆ ಗಟ್ಟಿಯಾಗಿ ಮಾಡುತ್ತಿದ್ದರು, ಬಿಡಿ ಎಂದಳು.

ಬುಧವಾರ ಸಂಜೆ ಅವಳು ಕಟ್ಟೆಗೆ ಬಂದು ನನ್ನ ಮುಂದೆ ಬಲಗೈ ಚಾಚಿದಳು. ಹೆಬ್ಬೆರಳಿಗೆ ಬಾಟಲಿಯ ನಿಪ್ಪಲ್ಲು! ಕೂಸು ಅದನ್ನು ಬಾಯಿಗೇ ತೆಗೆದುಕೊಳ್ಳುತ್ತಿರಲಿಲ್ಲ. ತೊಳೆದಿಡುವಾಗ ಸುಮ್ಮನೆ ಬೆರಳಿಗೆ ಹಾಕಿ ನೋಡಿದಳಂತೆ, ಬಿಗಿಯಾಗಿ ಕೂತಿತಂತೆ, ಹಾಗೇ ಗೋದಾಮಿಗೆ ಹೋದಳಂತೆ. ಗೆದ್ದಳು ಎಂದುಕೊಂಡು ನಾನು ಎದ್ದು ನಿಂತೆ. ಅವಳು ನಿಪ್ಪಲ್ಲು ಕಿತ್ತು ತೋರಿಸಿದಳು. ಉಳಿದ ಬೆರಳಿಗಿಂತ ಹೆಬ್ಬೆರಳೇ ಹೆಚ್ಚು ಊದಿತ್ತು.

“ಹಾಲು ಹೊರಗ ಬರಾಕ ಇಟ್ಟ ತೂತಿನಾಗ ಖಾರ ಒಳಗ ಹೋಗೇತ್ರಿ,” ಎಂದಳು.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು ಆ ತೂತನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಸೀದಾ ಬಸ್ ಸ್ಟ್ಯಾಂಡಿನ ಹತ್ತಿರದ ಪಂಕ್ಚರ್ ಅಂಗಡಿಗೆ ನಡೆದಳು. ನಿಪ್ಪಲ್ಲಿನ ತುದಿಯನ್ನು ಕತ್ತರಿಸಿ, ಅಲ್ಲಿಗೆ ಸೈಕಲ್ ಟ್ಯೂಬಿನ ಬಿಲ್ಲೆಯೊಂದನ್ನು ಅಂಟಿಸಲು ಹೇಳಿದಳು. ಪಂಕ್ಚರ್ ಅಂಗಡಿಯವನು ಯಾವ ಸೈಕಲ್ಲಿಗೆ ಇದು ಎಂದು ಕೇಳಿದನಂತೆ. ಗುರುವಾರ ಆ ಒಂದು ಬೆರಳು ಉರಿಯಲಿಲ್ಲ. ಅಷ್ಟೇ ಅಲ್ಲ, ಟ್ಯೂಬಿನ ಒರಟು ಮೈಗೆ ತುಂಬು ಚೆನ್ನಾಗಿ ಸಿಗುತ್ತಿತ್ತು, ಉಗುರಿಗಿಂತ ಲಗೂ ಕೆಲಸವಾಗುತ್ತಿತ್ತು.

ಆವತ್ತು ಸಂಜೆ ಮೆಡಿಕಲ್ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಇನ್ನೂ ಆರು ನಿಪ್ಪಲ್ಲು ಬೇಕು ಎಂದಳು. ಅಂಗಡಿಯ ಹಿರಿಯರು ಕನ್ನಡಕ ಸರಿಮಾಡಿಕೊಂಡು, ಎಷ್ಟು ಕೂಸು ತಂಗಿ ಎಂದು ಕಾಳಜಿಯಿಂದಲೇ ಕೇಳಿದರು.

“ಕೂಸು ಒಂದ ಐತ್ರಿ,” ಎಂದಳು. “ನಿಪ್ಪಲ್ಲು ನನಗ.”

ಅವರು ನನ್ನ ಮುಖ ನೋಡಿದರು. ನಾನು ಶಾಲೆಯ ಅಕ್ಕೋರು ಎಂಬ ಮರ್ಯಾದೆಗೆ ಮತ್ತೇನೂ ಕೇಳದೆ ಕಟ್ಟಿಕೊಟ್ಟರು.

ಶುಕ್ರವಾರ ಅವನ್ನೆಲ್ಲ ಅಂಟಿಸಿ ಒಣಗಿಸಿದ್ದಾಯಿತು. ಶನಿವಾರ ಎರಡೂ ಕೈಯಲ್ಲಿ ಕಾಯಿ ಮುಟ್ಟುವ ಬೆರಳುಗಳಿಗೆ ತೊಟ್ಟು, ಅಂಗೈಗೆ ಅರಿವೆ ಕಟ್ಟಿ ಕೆಲಸಕ್ಕೆ ಕೂತಳು. ಗೋದಾಮಿನ ಹೆಂಗಸರು ದಿನವಿಡೀ ಚೇಷ್ಟೆ ಮಾಡಿದರಂತೆ. ನಾದಿನಿ ಭಾನುವಾರ ಬರುವವಳು ಶನಿವಾರ ಸಂಜೆಯೇ ಬಂದಿಳಿದಿದ್ದಳು. ಕೂಸಿನ ಕುಲಾವಿ, ಅಂಗಿ, ಕಾಡಿಗೆ ಡಬ್ಬಿ ಎಲ್ಲವೂ ಚೀಲಕ್ಕೆ ಹೋಗಿದ್ದವು. ಕೂಸು ಅಜ್ಜಿಯ ತೋಳಲ್ಲಿತ್ತು. ನಾನು ಏನೋ ನೆಪ ಮಾಡಿಕೊಂಡು ಅವರ ಬಾಗಿಲಲ್ಲಿ ನಿಂತಿದ್ದೆ.

ತಂಗಿ ಬಂದಳು. ಬೆರಳಿನ ಟೊಪ್ಪಿಗೆಗಳನ್ನು ಒಂದೊಂದಾಗಿ ಕಳಚಿ ಹೊರಗಿಟ್ಟಳು. ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ಕೈ ತೊಳೆದಳು. ಆದರೆ ಕೂಸಿನ ಕಡೆಗೆ ಹೋಗಲಿಲ್ಲ. ನಮ್ಮೆಲ್ಲರ ಮುಂದೆ ನಿಂತು, ತೋರುಬೆರಳನ್ನು ತನ್ನ ಕಣ್ಣಿಗೇ ಹಚ್ಚಿಕೊಂಡಳು. ಒಂದು ಕಣ್ಣು, ಆಮೇಲೆ ಮತ್ತೊಂದು. ಅತ್ತೆ ಹೌಹಾರಿ ಎದ್ದಳು. ತಂಗಿ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದಳು. ಕಣ್ಣು ತೆರೆದಾಗ ಅವು ಕೆಂಪಾಗಿರಲಿಲ್ಲ. ಆಮೇಲೆ ಕೈ ಚಾಚಿದಳು. ಕೂಸು ರೂಢಿಯಂತೆ ಮುಖ ತಿರುಗಿಸಿತು, ತುಟಿ ಮುಂದೆ ಮಾಡಿತು. ಅವಳು ಅದರ ಕೆನ್ನೆಯ ಮೇಲೆ ಬೆರಳಿಟ್ಟು ಹಾಗೇ ಕಾದಳು. ಕೂಸು ಅಳಲು ಬಾಯಿ ತೆರೆದು, ಅಳುವುದಕ್ಕೆ ಕಾರಣ ಸಿಗದೆ, ಬಾಯಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಆ ಬೆರಳನ್ನೇ ಹಿಡಿದು ಬಾಯಿಗೆ ಹಾಕಿಕೊಂಡಿತು. ಚೀಲದಿಂದ ಕುಲಾವಿಯನ್ನು ಹೊರಗೆ ತೆಗೆದವಳು ಅತ್ತೆಯೇ. ನಾದಿನಿ ಚಹಾ ಕುಡಿದು, ರಾತ್ರಿ ಉಳಿದು, ಮರುದಿನ ಬರಿಗೈಯಲ್ಲಿ ರಾಣೆಬೆನ್ನೂರಿಗೆ ಹೋದಳು. ಆ ಗಾಜಿನ ಬಾಟಲಿಯಲ್ಲಿ ಅತ್ತೆ ಔಡಲೆಣ್ಣೆ ತುಂಬಿಟ್ಟಳು.

ಮುಂದಿನ ಸೋಮವಾರದಿಂದ ಗೋದಾಮಿನಲ್ಲಿ ಚೇಷ್ಟೆ ನಿಂತು ಗಿರಾಕಿ ಶುರುವಾಯಿತು. ಆ ತಿಂಗಳು ಬ್ಯಾಡಗಿಯಲ್ಲಿ ನಿಜವಾದ ಕೂಸುಗಳಿಗೆ ನಿಪ್ಪಲ್ಲು ಸಿಗದಂತಾಯಿತು. ನನ್ನ ಯಜಮಾನರು ಹಾವೇರಿಯಿಂದ ಬರುವಾಗ ಕಚೇರಿಯ ಚೀಲದ ತುಂಬ ತರುತ್ತಿದ್ದರು. ಗಾಡಿಯಲ್ಲಿ ಒಮ್ಮೆ ಚೀಲ ಮಗುಚಿ ಎಲ್ಲವೂ ಹರಡಿ, ಸಹಪ್ರಯಾಣಿಕರಿಗೆ ಉತ್ತರ ಹೇಳಲಾಗದೆ ಒದ್ದಾಡಿದ್ದರು. ಊರಲ್ಲಿ ಹೆರಿಗೆ ಹೆಚ್ಚಾಗಿದೆಯೇ ಎಂದು ಮಾಲು ತರುವ ಏಜೆಂಟ್ ಕೇಳಿದ್ದನ್ನು ಮೆಡಿಕಲ್ ಅಂಗಡಿಯ ಹಿರಿಯರು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಶುಕ್ರವಾರ ನಾನು ಅವಳನ್ನೇ ತರಗತಿಗೆ ಕರೆತಂದೆ. ಇಳಕಲ್ ಸೀರೆ ಉಟ್ಟು, ಸೊಂಟದ ಮೇಲೆ ಕೂಸು ಇಟ್ಟುಕೊಂಡು ಬಂದಳು. ನಾನು ಜರ್ಮನಿಯ ಗೃಹಿಣಿಯ ಸಾಲಿನಲ್ಲೇ ಇವಳನ್ನು ನಿಲ್ಲಿಸಿ ದೊಡ್ಡ ಭಾಷಣ ಮಾಡಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ನಿಮಗೆ ಇದು ಹೇಗೆ ಹೊಳೆಯಿತು ಎಂದು ಕೇಳಿದಳು.

“ಹೊಳೀಲಿಲ್ಲವ್ವಾ,” ಎಂದಳು. “ಎಲ್ಲಾ ಮಾಡಿದ ಮ್ಯಾಲ ಅದೊಂದ ಉಳದಿತ್ತು.”

ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಮೂರು ವರ್ಷದ ಮೇಲೆ ನಮಗೆ ಬೇರೆ ಊರಿಗೆ ವರ್ಗವಾಯಿತು. ಎರಡು ಪತ್ರ ಬರೆದೆ, ಅವಳಿಗೆ ಓದಲು ಬರುತ್ತಿರಲಿಲ್ಲ... ಯಾರು ಓದಿ ಹೇಳಿದರೋ, ಹೇಳಲಿಲ್ಲವೋ. ಹಾಗೇ ವರ್ಷಗಳು ಹೋದವು. ಹೋದ ವಾರ ಹೆಬ್ಬೆರಳಿಗೆ ನಿಪ್ಪಲ್ಲು ತೊಟ್ಟು ನಿಂತ ದಿನವೇ ಬ್ಯಾಡಗಿಯ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ತಂಗಿ ತೀರಿಕೊಂಡು ಎರಡು ವರ್ಷವಾಯಿತು ಎಂದರು. ಮಗಳು ರಾಣೆಬೆನ್ನೂರಿನಲ್ಲಿ ಇದ್ದಾಳೆ ಎಂದರು. ನಾವು ಈಗಿರುವ ಹಾವೇರಿಯಿಂದ ಬ್ಯಾಡಗಿ ಏನು ದೂರ? ತಂಗಿ ಬದುಕಿದ್ದಾಗ ಹೋಗಬಹುದಿತ್ತು. ಹೋಗಲಿಲ್ಲ.

ಮೊನ್ನೆ ರಾಣೆಬೆನ್ನೂರಿಗೆ ಹೋಗಿ ಮಗಳನ್ನು ನೋಡಿ ಬಂದೆ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ನಗುವಾಗ ತಾಯಿಯ ಹಾಗೆಯೇ ಕೈಯಲ್ಲಿದ್ದುದನ್ನು ಕೆಳಗಿಡುತ್ತಾಳೆ. ನನ್ನ ಗುರುತು ಅವಳಿಗಿರಲಿಲ್ಲ. ಬ್ಯಾಡಗಿಯ ಅಕ್ಕೋರು ಎಂದ ಮೇಲೆ ಕುಂದ್ರಿಸಿ ಚಹಾ ಕೊಟ್ಟಳು. ಅವ್ವ ಕೊನೆಯವರೆಗೂ ಗೋದಾಮಿಗೆ ಹೋಗುತ್ತಿದ್ದಳು ಎಂದಳು. ಚಿಕ್ಕಂದಿನಲ್ಲಿ ಅವ್ವನ ಕೈ ಮುಟ್ಟಿದರೆ ಉರಿಯುತ್ತಿತ್ತೇ ಎಂದು ನಾನು ಮೆಲ್ಲಗೆ ಕೇಳಿದೆ. ಅವಳು ಅರ್ಥವಾಗದೆ ನನ್ನನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

“ಅವ್ವನ ಕೈ ಯಾಕ ಉರೀತಾವ್ರಿ? ನನ್ನ ಕಣ್ಣಾಗ ಕಸಾ ಬಿದ್ರ ಆಕೀನ ತಗೀತಿದ್ಲು. ತಂಪ ಇರ್ತಿದ್ವು.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಬೆರಳಿನಿಂದಲೇ ತೆಗೆಯುತ್ತಿದ್ದಳೇ ಎಂದು ಮತ್ತೊಮ್ಮೆ ಕೇಳಿದೆ.

“ಹೂಂ ರಿ, ಬೆರಳಿಂದನ,” ಎಂದಳು, ಇದರಲ್ಲಿ ಕೇಳುವಂಥದ್ದೇನಿದೆ ಎನ್ನುವ ಹಾಗೆ.