ಹೊಟ್ಟೆಗೆ ಹೋಗದ ಮದ್ದು

ನನ್ನ ತಮ್ಮ ಶೀನ ಹಣೆಬರಹ ಮುಗಿದು ಸಾಯಲಿಲ್ಲ. ಮೊಣಕಾಲಿಗೆ ಹಚ್ಚುವ ಜೆಲ್ಲೂ ಮದ್ದೇ ಎಂದು ಒಪ್ಪದೆ ಸತ್ತ. ಊರಲ್ಲಿ ಏನೇನೋ ಹೇಳುತ್ತಾರೆ, ಹೇಳಲಿ.

ಕೊರೊನಾ ಕಳೆದ ಮರುವರ್ಷದ ಮಾತು. ಸೂರತ್ತಿನ ಕತಾರ್‌ಗಾಮ್‌ನಲ್ಲಿ, ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ ನಾನು ಚಟ್ನಿ, ಸಾಂಬಾರು ನೋಡಿಕೊಳ್ಳುತ್ತಿದ್ದೆ. ಮೊಮ್ಮಕ್ಕಳಾದ ಮೇಲೂ ಕೆಲಸ ಬಿಟ್ಟಿರಲಿಲ್ಲ. ಶೀನ ದೋಸೆ ಕಾವಲಿಯಲ್ಲಿ. ವಜ್ರ ಉಜ್ಜುವವರು ಬೆಳಿಗ್ಗೆಯೇ ಹಿಂಡುಗಟ್ಟಿ ಬರುತ್ತಿದ್ದರು. ಅವನು ಒಮ್ಮೆ ನಿಂತರೆ ಮಧ್ಯಾಹ್ನದವರೆಗೆ ಕೂರುವಂತಿರಲಿಲ್ಲ.

ಅವನ ಹೃದಯದಲ್ಲಿ ಆಪರೇಷನ್ ಮಾಡಿ ಕೂರಿಸಿದ ವಾಲ್ವ್ ಇತ್ತು. ಅಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ರಕ್ತ ತೆಳುವಾಗಿಸುವ ಮಾತ್ರೆ ದಿನಾ ನುಂಗಬೇಕು. ಪಥ್ಯದಲ್ಲಿ ಮಹಾ ಕಟ್ಟುನಿಟ್ಟು. ಸೊಪ್ಪನ್ನು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತಿನ್ನಬೇಡ, ಮಾತ್ರೆಯ ಬಲ ಏರುಪೇರಾಗುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ಪಾಲಕ್ ಸಾಂಬಾರಿನ ಉಪ್ಪು ನೋಡಲೂ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಅಡುಗೆಯವರ ಬುದ್ಧಿಯೇ ಹಾಗೆ. ಬಾಯಿಂದ ಒಳಗೆ ಹೋದದ್ದಷ್ಟೇ ಮೈಗೆ ಹೋದದ್ದು.

ಆ ಚಳಿಗಾಲ ಅವನ ಮೊಣಕಾಲು ಹಿಡಿದುಕೊಂಡಿತು. ಧಣಿಗಳು ಗಲ್ಲಾಪೆಟ್ಟಿಗೆ ಹತ್ತಿರ ಕೂರು ಎಂದರೆ, "ಕಾವಲಿ ಬಿಟ್ರೆ ನಾನ್ ಯಾರ್ ಮರ್ರೆ?" ಎಂದ. ಅಡುಗೆಮನೆಯ ಕಿಟಕಿಯಲ್ಲಿ ಎಲ್ಲರೂ ಬಳಸುವ ನೋವಿನ ಜೆಲ್ಲಿನ ಟ್ಯೂಬ್ ಇರುತ್ತಿತ್ತು, ಮೂಗು ಉರಿಯುವ ವಾಸನೆಯದು. ಅದನ್ನು ಎರಡೂ ಮೊಣಕಾಲಿಗೆ, ಸೊಂಟಕ್ಕೆ ಮೆತ್ತಿಕೊಂಡು, ಬೆಂಕಿಯಲ್ಲಿ ಬಾಡಿಸಿದ ಬಾಳೆಎಲೆ ಸುತ್ತಿ, ಮೇಲೆ ಬಟ್ಟೆ ಬಿಗಿದು ಕಾವಲಿಯೆದುರು ನಿಲ್ಲುತ್ತಿದ್ದ. ಬಿಸಿ ತಾಗಿದಷ್ಟೂ ಹಿತ ಎನ್ನುತ್ತಿದ್ದ.

"ಡಾಕ್ಟ್ರ ಹತ್ರ ಕೇಳಿದ್ಯಾ?" ಎಂದೆ.

"ಇದ್ ಹೊಟ್ಟಿಗ್ ಹೋಪು ಮದ್ದಲ್ಲ ಅಕ್ಕ, ಮೇಲಿಂದ ಹಚ್ಚುದ್. ನಿಂಗೆ ಎಲ್ಲದಕ್ಕೂ ಹೆದ್ರಿಕಿ."

ಕೆಲವು ವಾರ ಕಳೆದವು. ಅವನ ತೋಳಿನ ಮೇಲೆ ನೀಲಿ ಕಲೆಗಳೆದ್ದವು. ಹಿಟ್ಟು ರುಬ್ಬುವ ಗೋಪಾಲ ಕೇಳಿದ, "ಹೆಂಡ್ತಿ ಊರಗಿತ್ತ್, ಇಲ್ಲಿ ಯಾರ್ ಹೊಡ್ದದ್ ಶೀನಣ್ಣ?"

"ಅಕ್ಕನ ಬಾಯಿ ಪೆಟ್ಟ್ ಮರಾಯಾ."

ಎಲ್ಲರೂ ನಕ್ಕೆವು. ಆಮೇಲೆ ಹಲ್ಲುಜ್ಜುವಾಗ ರಕ್ತ ಬಂತು. ಬ್ರಷ್ ಗಟ್ಟಿ ಎಂದ. ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದವನ ಕೈಯಿಂದ ಸೌಟು ಜಾರಿತು, ಅದರ ಹಿಂದೆಯೇ ಅವನೂ ಬಿದ್ದ.

ಆಸ್ಪತ್ರೆಯ ಡಾಕ್ಟರು ಹಿಂದಿಯಲ್ಲಿ ಕೇಳಿದರು, "ಮಾಸಿ, ಹೊಸ ಮದ್ದು ಏನಾದ್ರೂ ತಗೊಳ್ತಿದ್ರಾ?" ಮಾತ್ರೆ ಯಾವುದೂ ಇಲ್ಲ ಎಂದೆ. ಅಷ್ಟರಲ್ಲಿ ನರ್ಸ್ ಮೊಣಕಾಲಿನ ಬಟ್ಟೆ ಬಿಚ್ಚಿದಳು. ಬಾಳೆಎಲೆ ಕೆಳಗೆ ಬಿತ್ತು. ಡಾಕ್ಟರು ಬಗ್ಗಿ ಮೂಸಿದರು.

ಆಮೇಲೆ ಬಿಡಿಸಿ ಹೇಳಿದರು. ಚರ್ಮವೂ ಮದ್ದು ಕುಡಿಯುತ್ತದೆ. ಮೈತುಂಬ ಹಚ್ಚಿ, ಕಟ್ಟಿ, ಬಿಸಿ ತಾಗಿಸಿದರೆ ಇನ್ನೂ ಹೆಚ್ಚು ಕುಡಿಯುತ್ತದೆ. ಬೇರೆಯವರಿಗೆ ಟ್ಯೂಬಿನ ಜೊತೆ ಬರುವ ಚೀಟಿಯಲ್ಲಿ ಹೇಳಿದಷ್ಟು ಹಚ್ಚಿದರೆ ತೊಂದರೆಯಿಲ್ಲದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವನು ಕೇಳದೆ ಹಚ್ಚಬಾರದು, ಎರಡೂ ಸೇರಿದರೆ ರಕ್ತ ಒಳಗೊಳಗೇ ಸೋರಬಹುದು. ತಲೆಯೊಳಗೆ ರಕ್ತ ಸೋರಿದೆ. ಇದೊಂದರಿಂದಲೇ ಎಂದು ಹೇಳಲಾರೆ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಸಂಜೆಗೆ ಶೀನ ಹೋದ. ಅವನ ಹೆಂಡತಿ ಊರಿಂದ ಬರುವವರೆಗೆ ದೇಹ ಆಸ್ಪತ್ರೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವನ ಪಂಚೆ ತರಲೆಂದು ಹೋಟೆಲಿಗೆ ಹೋದೆ. ಕಾವಲಿ ತಣ್ಣಗಿತ್ತು. ಹಗ್ಗದ ಮೇಲಿದ್ದ ಅವನ ಇನ್ನೊಂದು ಜೊತೆ ಮೊಣಕಾಲಿನ ಬಟ್ಟೆ ಒಗೆದಿದ್ದರೂ ಅದೇ ವಾಸನೆ. ಗೋಪಾಲ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ. ಹೆಗಲು ತಿಕ್ಕಿಕೊಳ್ಳುತ್ತಲೇ, ಅಭ್ಯಾಸಕ್ಕೆ, ಕಿಟಕಿಗೆ ಕೈ ಹಾಕಿದ. ನಾನು ಟ್ಯೂಬು ಕಸಿದುಕೊಂಡೆ.

"ನೀನ್ ದಿನಾ ನುಂಗು ಮಾತ್ರೆ ಯಾವ್ದ್?"

"ಬಿ.ಪಿ.ದ್ ಒಂದ್. ಅದಕ್ಕೂ ಇದಕ್ಕೂ ಎಂತ ಸಂಬಂಧ ಅಮ್ಮ?"

"ಶೀನನೂ ಹಾಂಗೇ ಹೇಳ್ದ. ಡಾಕ್ಟ್ರ ಚೀಟಿ ಹಿಡ್ಕಂಡ್ ಬಾ."

ಕೇಳಿಯೇ ಹಚ್ಚಲಿ ಎಂದು ಅವನನ್ನು ಎಳೆದುಕೊಂಡು ಮೆಡಿಕಲ್ ಅಂಗಡಿಗೆ ಹೋದೆ. ಬಾಗಿಲು ತೆರೆದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದೆವು. ಟ್ಯೂಬು ನನ್ನ ಕೈಯಲ್ಲಿತ್ತು. ಶೀನ ಒತ್ತಿದ ಹೆಬ್ಬೆರಳಿನ ತಗ್ಗು ಅದರ ಮೇಲೆ ಹಾಗೇ ಇತ್ತು.