ಹಾಡು ನನಗಿಂತ ಮೊದಲೇ ಹಡಗಲಿಗೆ ಹೋಗಿತ್ತು

ವಾರದಲ್ಲಿ ಐದೂವರೆ ದಿನ ನಾನು ಕೂಡ್ಲಿಗಿ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಉಳಿದ ಒಂದೂವರೆ ದಿನ ಹಾಡು ಕಟ್ಟುತ್ತೇನೆ, ಹಾಡುತ್ತೇನೆ. ಯಾರಿಗಾದರೂ ಹೇಳಿದರೆ, "ಭಾವಗೀತೇನ್ರಿ? ಜನಪದಾನ್ರಿ?" ಎಂದು ಕೇಳುತ್ತಾರೆ. ಎರಡೂ ಅಲ್ಲ, ನಾನೇ ಬರೆದದ್ದು, ನಾನೇ ರಾಗ ಹಾಕಿದ್ದು ಅಂದರೆ, "ಹಂಗಾರ ಟಿವಿಯಾಗ ಬರ್ತೀರೇನು?" ಅನ್ನುತ್ತಾರೆ.

ನನ್ನ ಜೊತೆ ದಮ್ಮಡಿ ಬಾರಿಸುವ ಗೆಳೆಯನೊಬ್ಬ ಇದ್ದಾನೆ. ಕೊಟ್ಟೂರಿನಲ್ಲಿ ಅವನದೊಂದು ಮೊಬೈಲ್ ಅಂಗಡಿ. ಕೈಯಲ್ಲಿ ಹಿಡಿದು ಬಾರಿಸುವ ಆ ಪುಟ್ಟ ವಾದ್ಯವನ್ನು ಭಜನೆಯ ಅಜ್ಜಂದಿರಿಂದ ಕಲಿತವನು. ನನ್ನ ಗಿಟಾರಿಗೆ ಅದು ಹೊಂದುತ್ತದೆಂದು ನನಗಿಂತ ಮೊದಲು ಗೊತ್ತಾದದ್ದು ಅವನಿಗೆ. ಐದು ಭಾನುವಾರ, ಐದು ಊರು ಎಂದು ಲೆಕ್ಕ ಹಾಕಿದವನೂ ಅವನೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊನೆಗೆ ಹರಪನಹಳ್ಳಿ. ಅಂಗಡಿಯಲ್ಲಿ ಕೂತೇ ಪೋಸ್ಟರ್ ಮಾಡಿ, ಗೊತ್ತಿದ್ದವರ ಫೋನುಗಳಿಗೆಲ್ಲ ಕಳಿಸಿದ.

ಮೊದಲ ಮೂರು ಊರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಜನ ಬಂದರು, ಕೇಳಿದರು, ಚಪ್ಪಾಳೆ ತಟ್ಟಿದರು. ಕೊಟ್ಟೂರಿನಲ್ಲಿ ಒಬ್ಬರು ಹಾಡಿನ ನಡುವೆಯೇ ಎದ್ದು ಗೆಳೆಯನಿಗೆ ಫೋನ್ ರಿಪೇರಿ ಆಯಿತೇ ಎಂದು ಕೇಳಿದರು. ನನಗೆ ನಗು ಬಂತು, ರಾಗ ತಪ್ಪಿತು.

ಹಡಗಲಿಯ ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಹಗರಿಬೊಮ್ಮನಹಳ್ಳಿಯಲ್ಲಿ ಸಂಜೆ ಹಾಡುವುದಿದ್ದ ದಿನವೇ ಬೆಳಿಗ್ಗೆ, ಹಾಲ್ ನೋಡಿಕೊಂಡು ಬರೋಣವೆಂದು ಒಬ್ಬಳೇ ಮೊದಲ ಬಸ್ಸಿಗೆ ಹೋದೆ. ಹಾಲಿನ ಬೀಗ ತೆಗೆಯುವವರು ಬರುವುದು ಹತ್ತಕ್ಕೆ ಎಂದು ಗೊತ್ತಾಯಿತು. ಸ್ಟೇಜಿಗೆ ಹೂವಾದರೂ ಹೇಳಿಟ್ಟು ಬರೋಣವೆಂದು ಊರಂಚಿನ ಮಲ್ಲಿಗೆ ತೋಟದ ಕಡೆ ನಡೆದೆ. ಬಿಸಿಲು ಇನ್ನೂ ಏರಿರಲಿಲ್ಲ. ಏಳೆಂಟು ಹೆಂಗಸರು ಸೊಂಟಕ್ಕೆ ಉಡಿ ಕಟ್ಟಿಕೊಂಡು, ಬಾಗಿ, ಮೊಗ್ಗು ಬಿಡಿಸುತ್ತಿದ್ದರು. ಮಾಲೀಕರು ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ಆಚೆ ಸಾಲಿನಿಂದ ಒಂದು ದನಿ ಬಂತು.

ಬಸ್ಸು ಬರೂತನಕ ಕುಂದ್ರು,
ಮಾತು ಮುಗಿಯೂತನಕ ನಿಂದ್ರು.

ಅದು ನನ್ನ ಹಾಡು. ಎರಡು ವರ್ಷದ ಹಿಂದೆ ಕೊಟ್ಟೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ, ಉತ್ತರ ಪತ್ರಿಕೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬರೆದದ್ದು. ಗೆಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿ ಹಂಚಿದ್ದ. ಅದಾದ ಮೇಲೆ ಅದು ಎಲ್ಲಿ ಹೋಯಿತೋ ನಾನು ವಿಚಾರಿಸಿರಲಿಲ್ಲ.

ಕಾಲು ಅಲ್ಲೇ ನಿಂತವು. ಹಾಡು ನನ್ನದೇ, ಆದರೆ ನಾನು ಹಾಡುವ ಹಾಗಿರಲಿಲ್ಲ. 'ನಿಂದ್ರು' ಅನ್ನುವಲ್ಲಿ ನಾನು ಸ್ವರವನ್ನು ಮೇಲಕ್ಕೆ ಒಯ್ದು ಉದ್ದಕ್ಕೆ ಎಳೆಯುತ್ತೇನೆ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಈ ಹೆಂಗಸು ಅದನ್ನು ಮೂರು ತುಂಡು ಮಾಡಿ, ಕೆಳಗಿನ ಸ್ವರದಲ್ಲೇ ಇಟ್ಟು, ಒಂದೊಂದು ತುಂಡಿಗೆ ಒಂದೊಂದು ಮೊಗ್ಗು ಕೀಳುತ್ತಿದ್ದಳು. ಅದಾದ ಮೇಲೆ ನಾನು ಬರೆಯದ ಎರಡು ಸಾಲು ಬಂದವು.

ಬಂದ ಬಸ್ಸು ಹೋಗಲಿ ಬಿಡು, ರಸ್ತೆ ಎಲ್ಲಿಗೆ ಹೋಗತೈತಿ,
ಅರಳೂ ಮೊದಲ ಕಿತ್ತ ಮಾತು ಉಡಿಯಾಗಿನ್ನೂ ಬಿಸಿ ಐತಿ.

ನಾನು ಸಾಲು ದಾಟಿ ಹತ್ತಿರ ಹೋದೆ. ನಲವತ್ತೈದರ ಆಸುಪಾಸಿನ ಹೆಂಗಸು. ತಲೆಗೆ ಟವೆಲ್ ಸುತ್ತಿಕೊಂಡಿದ್ದಳು.

"ಯಾರ ಹಾಡ್ರಿ ಇದು?"

"ಯಾರದಂದ್ರ? ನಾವು ಹಾಡ್ತೀವಿ, ನಮ್ದ." ಕೈ ನಿಲ್ಲಿಸದೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಚಲೋ ಐತೇನು? ಕಲೀತೀರೇನ್ರಿ?"

ಹೇಳಿಬಿಡಬೇಕು ಅನಿಸಿತು. ನಾಲಿಗೆಯವರೆಗೂ ಬಂತು. ಆದರೆ, "ಕಲೀತೀನ್ರಿ" ಅಂದೆ.

ಅವಳು ಒಂದು ಸಾಲು ಹಾಡಿದಳು. ನಾನು ಹಾಡಿದೆ. ಹಳೇ ಚಾಳಿ, 'ನಿಂದ್ರು' ಬಂದಾಗ ನನ್ನ ದನಿ ತಾನಾಗಿ ಮೇಲೆ ಹೋಯಿತು.

"ಅಲ್ಲಿ ಎಳೀಬ್ಯಾಡ್ರಿ ಮೇಡಂ, ಉಸಿರು ಹೋಗತೈತಿ. ಬಗ್ಗಿ ಹಾಡಿ ನೋಡ್ರಿ, ಗೊತ್ತಾಗತೈತಿ."

ಬಗ್ಗಿದೆ. ನಿಜ, ಉಸಿರು ಸಿಗಲಿಲ್ಲ. ಬಾಗಿದ ಮೈಯಲ್ಲಿ ಆ ಉದ್ದ ಸ್ವರಕ್ಕೆ ಜಾಗವೇ ಇಲ್ಲ. ಅವಳು ಹೇಳಿದಂತೆ ಮುರಿದು ಹಾಡಿದಾಗ ಮಾತು, ಉಸಿರು, ಕೈ ಮೂರೂ ಒಟ್ಟಿಗೆ ನಡೆದವು. ಪಕ್ಕದ ಸಾಲಿನವಳು, "ಮೇಡಂ ಲಗೂನ ಕಲ್ತ್ರು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ತುಂಬಿದ್ದವು. ಬಗ್ಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಹೊರಡುವಾಗ, "ಮುಂದಿನ ಭಾನುವಾರ ಸಂಜಿಗೆ ಊರಾಗ ಹಾಡಿನ ಕಾರ್ಯಕ್ರಮ ಐತಿ, ಎಲ್ಲಾರೂ ಬರ್ರಿ" ಎಂದಷ್ಟೇ ಹೇಳಿದೆ. ಹೂವಿನ ಮಾತು ಆಡುವುದೇ ಮರೆತುಹೋಯಿತು.

ಅವರು ಬಂದರು. ಐದು ಜನ, ತೊಳೆದ ಸೀರೆ ಉಟ್ಟು, ಬಾಗಿಲ ಹತ್ತಿರದ ಕುರ್ಚಿಗಳಲ್ಲಿ ಕೂತರು. ನಾನು ಗಿಟಾರ್ ಹಿಡಿದು ಸ್ಟೇಜ್ ಹತ್ತಿದ್ದನ್ನು ನೋಡಿ ಅವಳು ಪಕ್ಕದವಳ ಕೈ ಗಟ್ಟಿಯಾಗಿ ಹಿಡಿದದ್ದು ಕಂಡಿತು. ನಾಲ್ಕನೇ ಹಾಡಿಗೆ ಮೊದಲು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಈ ಹಾಡು ನಾನು ಕಟ್ಟಿದ್ದು, ಈಗ ಹಾಡುವುದು ಇಲ್ಲಿ ಕೂತಿರುವ ಒಬ್ಬರಿಂದ ಕಲಿತದ್ದು, ಕೊನೆಯ ಎರಡು ಸಾಲು ಅವರದು ಅಂದೆ.

ಅವಳು ಎದ್ದು ನಿಂತಳು. ಸಿಟ್ಟಾದಳೋ ಎಂದು ಹೆದರಿದೆ.

"ಅದು ನನ್ನದಲ್ರಿ ಮೇಡಂ! ನಮ್ಮ ತಂಗಿ ಹಿರೇಹಡಗಲಿಯಾಗ ಅದಾಳ, ಆಕಿ ಹಾಕ್ಯಾಳ ಆ ಸಾಲು. ಆಕೀನ್ನ ಕೇಳಿದ್ರ ಮತ್ಯಾರದೋ ಅಂತಾಳ!"

ಹಾಲೆಲ್ಲ ನಕ್ಕಿತು. ಕೊಟ್ಟೂರು ಕ್ರಾಸಿನಿಂದ ಹೊರಟ ನಾಲ್ಕು ಮಾತು ಯಾವ ಯಾವ ಮನೆಯ ಅಡುಗೆ ಕಟ್ಟೆ, ಯಾವ ಹೊಲದ ಬದು ದಾಟಿ ಬಂದಿದ್ದವೋ, ದಾರಿಯಲ್ಲಿ ಯಾರು ಯಾರು ಏನು ಸೇರಿಸಿದರೋ. ನಾನು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಅಷ್ಟು ದೊಡ್ಡದನ್ನೇನೂ ಬರೆದಿರಲಿಲ್ಲ.

ಆ ವಾರವೇ ದಾವಣಗೆರೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗಿಗೆ ದಿನ ಸಿಕ್ಕಿತು. ನನ್ನ ಮೊದಲ ಆಲ್ಬಮ್, ಆರು ಹಾಡು. ಅಕ್ಕತಂಗಿಯರಿಬ್ಬರನ್ನೂ ಕರೆದೆವು. ತಂಗಿಗೆ ಬರಲಾಗಲಿಲ್ಲ, ಆದರೆ ಫೋನಿನಲ್ಲಿ, "ಹಾಡಿಕೊಳ್ರಿ, ನನ್ನದೇನು ಗಂಟು ಹೋಗತೈತಿ" ಅಂದಳು. ಅಕ್ಕ ಬಂದಳು. ಗಾಜಿನ ಕೋಣೆಯಲ್ಲಿ ನೆಟ್ಟಗೆ ನಿಂತು ಹಾಡಿದರೆ ಅವಳಿಗೆ ಸಾಲೇ ನೆನಪಾಗುತ್ತಿರಲಿಲ್ಲ. ಮೂರು ಸಲ ತಪ್ಪಿತು. ಮುಖ ಬಾಡಿತು.

"ಬಗ್ಗಿ ಹಾಡಲೇನ್ರಿ?" ಎಂದು ಕೇಳಿದಳು.

ಸ್ಟುಡಿಯೋದವರು ಎದ್ದು ಹೋಗಿ ಮೈಕನ್ನು ಅವಳ ಸೊಂಟದ ಮಟ್ಟಕ್ಕೆ ಇಳಿಸಿದರು. ಅವಳು ಬಾಗಿದಳು. ಖಾಲಿ ಗಾಳಿಯಲ್ಲಿ ಬೆರಳು ಆಡತೊಡಗಿದವು, ಹಾಡು ಬಂತು. ಒಂದೇ ಸಲಕ್ಕೆ, ಪೂರ್ತಿ. ಗಾಜಿನ ಈಚೆ ನಾನು, ಗೆಳೆಯ, ಸ್ಟುಡಿಯೋದವರು ಮೂವರೂ ಕೇಳುತ್ತ ಕೂತಿದ್ದೆವು. ಗೆಳೆಯ ದಮ್ಮಡಿಯನ್ನು ಎದೆಗೆ ಅವುಚಿಕೊಂಡಿದ್ದ. "ಇದಕ್ಕ ನಾ ಏನೂ ಬಾರ್ಸೂದಿಲ್ಲ" ಅಂದ. ಬಾರಿಸಲೂ ಇಲ್ಲ.

ಹರಪನಹಳ್ಳಿಯ ಕೊನೆಯ ಕಾರ್ಯಕ್ರಮಕ್ಕೆ ಹೆಚ್ಚು ಜನ ಸೇರಿದ್ದರು. ಹಾಡು ಮುಗಿದ ಮೇಲೆ ಅಲ್ಲೇ ಹತ್ತಿರದ ಅರಸೀಕೆರೆ ಎಂಬ ಹಳ್ಳಿಯ ಹಿರಿಯರೊಬ್ಬರು ಸ್ಟೇಜಿನ ಹತ್ತಿರ ಬಂದು, "ನಮ್ಮೂರಾಗ ಶಾಲೆ ಬಯಲು ಐತಿ, ನೆರಳೈತಿ. ಬರ್ತೀರಾ?" ಎಂದು ಕೇಳಿದರು. ನಾನು ಗೆಳೆಯನ ಮುಖ ನೋಡಿದೆ. ಅವನು ಆಗಲೇ ಫೋನ್ ತೆಗೆದು ಪೋಸ್ಟರ್ ಶುರು ಮಾಡಿದ್ದ. ತಿಂಗಳ ಕೊನೆಯ ಭಾನುವಾರ ಅರಸೀಕೆರೆ, ಅದಾದ ಮೇಲೆ ಹಿರೇಹಡಗಲಿ.

ಹಿರೇಹಡಗಲಿಯಲ್ಲಿ ಆ ತಂಗಿ ಎದುರಿಗೆ ಕೂರುತ್ತಾಳೆ. ಅವಳ ಮುಂದೆ ಬಾಯಿ ತೆರೆಯುವುದು ಹೇಗೆ ಎಂದು ನೆನೆದರೆ ಪಾಠ ಮಾಡುವಾಗಲೂ ಚಾಕ್‌ಪೀಸ್ ಹಿಡಿದ ಕೈ ಬೋರ್ಡಿನ ಮೇಲೆ ಒಂದು ಕ್ಷಣ ನಿಲ್ಲುತ್ತದೆ. "ಮಿಸ್, ಮುಂದ?" ಎಂದು ಮಕ್ಕಳು ಕೇಳುತ್ತಾರೆ.